ಪೇಟೆ ಅಲುಗಾಡುವಾಗ ಎಸ್‌ಐಪಿ ನಿಲ್ಲಿಸಬೇಕೇ? ಹುಬ್ಬಳ್ಳಿಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಸಂಬಳ ₹18,000, ತಿಂಗಳ 7ಕ್ಕೆ ಬರುತ್ತದೆ. ಯಜಮಾನರದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕುತ್ತಾರೆ. ಸೀಸನ್ನಿನಲ್ಲಿ ಕೈತುಂಬ ಕೆಲಸ, ಉಳಿದಂತೆ ಅಷ್ಟಕ್ಕಷ್ಟೆ. ಮನೆ ಖರ್ಚು ತಿಂಗಳಿಗೆ ಸುಮಾರು ₹40,000. ಎಂಟನೇ ತರಗತಿಯಲ್ಲಿರುವ ಮಗಳ ಮುಂದಿನ ಓದಿಗೆಂದು ನಾಲ್ಕು ವರ್ಷದಿಂದ ಮ್ಯೂಚುವಲ್ ಫಂಡ್‌ಗಳಿಗೆ ತಿಂಗಳಿಗೆ ₹12,000 ಕಂತು, ಅಂದರೆ ಎಸ್‌ಐಪಿ ಕಟ್ಟುತ್ತಿದ್ದೇನೆ. ಎರಡು ಸ್ಮಾಲ್ ಕ್ಯಾಪ್ (ಸಣ್ಣ ಕಂಪನಿಗಳ), ಒಂದು ಮಿಡ್ ಕ್ಯಾಪ್ (ಮಧ್ಯಮ ಗಾತ್ರದವುಗಳ), ಒಂದು ಫ್ಲೆಕ್ಸಿ ಕ್ಯಾಪ್ (ಎಲ್ಲ ಗಾತ್ರದವುಗಳ) ಫಂಡ್‌ಗಳಿವೆ. ಎಲ್ಲರೂ ಹೇಳುತ್ತಿದ್ದಾಗ ಆಮೇಲೆ ಸೇರಿಸಿದ ಒಂದು ರಕ್ಷಣಾ ವಲಯದ ಫಂಡ್ ಕೂಡ ಇದೆ. ₹8 ಲಕ್ಷ ದಾಟಿದ್ದ ಹಣ ₹6.6 ಲಕ್ಷಕ್ಕೆ ಇಳಿಯಿತು, ಈಗ ₹7 ಲಕ್ಷದ ಹತ್ತಿರ ಇದೆ. ಯುದ್ಧ, ಅಮೆರಿಕದ ಸುಂಕ, ರೂಪಾಯಿ ಕುಸಿತ ಎಂದು ದಿನಕ್ಕೊಂದು ಸುದ್ದಿ. ಎಸ್‌ಐಪಿ ನಿಲ್ಲಿಸಲೇ? ₹6 ಲಕ್ಷದ ಎಫ್‌ಡಿ ಮುಂದಿನ ತಿಂಗಳು ಮುಗಿಯುತ್ತದೆ. ಅದನ್ನು ಈಗಲೇ ಫಂಡ್‌ಗೆ ಹಾಕಲೇ, ಪೇಟೆ ಇನ್ನಷ್ಟು ಬೀಳಲಿ ಎಂದು ಕಾಯಲೇ? ಪ್ರೆಸ್ಸಿನ ಯಂತ್ರದ ಸಾಲ ₹2.2 ಲಕ್ಷ ಬಾಕಿ ಇದೆ, ಬಡ್ಡಿ ಶೇ. 12.5. ನಮ್ಮ ಅತ್ತೆಗೆ 67 ವರ್ಷ, ಅವರ ಬಳಿ ₹10 ಲಕ್ಷ ಇದೆ. ತಿಂಗಳು ತಿಂಗಳು ಡಿವಿಡೆಂಡ್ ಕೊಡುವ ಫಂಡ್‌ಗೆ ಹಾಕಿ, ಎಫ್‌ಡಿಗಿಂತ ಮೇಲು ಎಂದು ಪರಿಚಯದ ಏಜೆಂಟರು ಹೇಳುತ್ತಿದ್ದಾರೆ. ಕೊನೆಯದಾಗಿ, ಎಸ್‌ಐಪಿಗೆ ಯಾವ ತಾರೀಖು ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಸುಂಕ, ಯುದ್ಧಗಳ ವಾಕ್ಯವನ್ನಲ್ಲ, ಯಜಮಾನರ ಪ್ರೆಸ್ಸಿನ ಬಗೆಗಿನ ವಾಕ್ಯವನ್ನು. ನಿಮ್ಮ ಐದೂ ಪ್ರಶ್ನೆಗಳ ಉತ್ತರ ಬಹುಮಟ್ಟಿಗೆ ಅಲ್ಲೇ ಇದೆ. ಪೇಟೆ ಮುಂದೆ ಏನಾಗುತ್ತದೆ ಎಂದು ನನಗೂ ಗೊತ್ತಿಲ್ಲ, ಟಿವಿಯಲ್ಲಿ ಕೂತು ಹೇಳುವವರಿಗೂ ಗೊತ್ತಿಲ್ಲ. ಆದರೆ ಪೇಟೆ ಬಿದ್ದಾಗ ನಿಮ್ಮ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೀವು ಈಗಲೇ ಕೂತು ಲೆಕ್ಕ ಹಾಕಬಹುದು. ಅದನ್ನೇ ಮಾಡೋಣ.

ಮೊದಲು, ಬೀಳುವುದು ಅಂದರೆ ಎಷ್ಟು ಎಂಬುದು ಕಣ್ಣ ಮುಂದಿರಲಿ. 2008ರ ಜನವರಿ 10ರಂದು ಮುಂಬಯಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21,206ನ್ನು ಮುಟ್ಟಿತ್ತು. 2009ರ ಮಾರ್ಚ್ 9ರಂದು 8,160ಕ್ಕೆ ಬಂದು ನಿಂತಿತು. ನೂರು ರೂಪಾಯಿಯಲ್ಲಿ ಅರವತ್ತಕ್ಕೂ ಹೆಚ್ಚು ಹೋಯಿತು. ಮತ್ತೆ ಆ ಹಳೆಯ ಎತ್ತರವನ್ನು ದಾಟಲು 2013ರ ನವೆಂಬರ್ ಬರಬೇಕಾಯಿತು, ಅಂದರೆ ಹೆಚ್ಚುಕಡಿಮೆ ಆರು ವರ್ಷ. ಕೋವಿಡ್ ಕಾಲದ ಕುಸಿತದ ಗತಿಯೇ ಬೇರೆ. 2020ರ ಜನವರಿಯಲ್ಲಿ 42,273ರ ವರೆಗೆ ಹೋಗಿದ್ದ ಸೂಚ್ಯಂಕ ಮಾರ್ಚ್ 23ರ ಸೋಮವಾರ ಒಂದೇ ದಿನ 3,934 ಅಂಶ, ಅಂದರೆ ಶೇ. 13ಕ್ಕೂ ಹೆಚ್ಚು ಕುಸಿದು 25,981ಕ್ಕೆ ಮುಗಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಹಳೆಯ ಎತ್ತರ ಮರಳಿ ಸಿಕ್ಕಿತು. ನಿಮಗೆ ಬಿಸಿ ತಟ್ಟಿದ ಕುಸಿತ ಶುರುವಾದದ್ದು 2024ರ ಸೆಪ್ಟೆಂಬರ್ 27ರ ನಂತರ. ಅಂದು 85,978ರ ವರೆಗೆ ಏರಿದ್ದ ಸೆನ್ಸೆಕ್ಸ್ 2025ರ ಮಾರ್ಚ್ ಮೊದಲ ವಾರದಲ್ಲಿ 73,000ದ ಕೆಳಗೆ ಇಳಿಯಿತು. ಮೊದಲಿನ ಎರಡರ ಪಕ್ಕದಲ್ಲಿ ಇಟ್ಟರೆ ಇದು ಸಣ್ಣ ಇಳಿತ, ಶೇ. 15ರಷ್ಟು. ನಿಮಗೆ ದೊಡ್ಡದಾಗಿ ಕಂಡದ್ದಕ್ಕೆ ಕಾರಣ ನೀವು ಆರಿಸಿಕೊಂಡ ಫಂಡ್‌ಗಳು. ಆ ಮಾತಿಗೆ ಮುಂದೆ ಬರುತ್ತೇನೆ.

ಒಂದು ಕುಸಿತ ಹತ್ತು ತಿಂಗಳೊಳಗೆ ಸರಿಹೋಯಿತು, ಇನ್ನೊಂದು ಆರು ವರ್ಷ ತೆಗೆದುಕೊಂಡಿತು. ಯಾವುದು ಯಾವ ಬಗೆಯದು ಎಂದು ಬೀಳುತ್ತಿರುವ ಹೊತ್ತಿನಲ್ಲಿ ಯಾರಿಗೂ ತಿಳಿಯಲಿಲ್ಲ. ಹಾಗಾಗಿ ಷೇರು ಫಂಡ್‌ನಲ್ಲಿರುವ ಹಣದ ಬಗ್ಗೆ ನಾನು ಕೇಳುವ ಮೊದಲ ಪ್ರಶ್ನೆ "ಈಗ ಒಳ್ಳೆಯ ಕಾಲವೇ?" ಎಂಬುದಲ್ಲ. "ಈ ಹಣ ನಿಮಗೆ ಯಾವಾಗ ಬೇಕು? ಅದಕ್ಕೂ ಮುಂಚೆ ಅದನ್ನು ಮುಟ್ಟಬೇಕಾದ ಪ್ರಸಂಗ ಬರಬಹುದೇ?" ಎಂಬುದು.

ಈ ಎರಡನೇ ಪ್ರಶ್ನೆಯನ್ನು ಕೇಳದೆ ಬಿಟ್ಟು ನಾನು ಒಂದು ಕುಟುಂಬಕ್ಕೆ ನಷ್ಟ ಮಾಡಿದ್ದೇನೆ. ಅವರು ಮದುವೆ, ಉಪನಯನಗಳಿಗೆ ಅಡುಗೆ ಕಂಟ್ರಾಕ್ಟ್ ಹಿಡಿಯುತ್ತಿದ್ದವರು. ಒಂಬತ್ತು ವರ್ಷ ಒಂದು ಕಂತೂ ತಪ್ಪದೆ ಎಸ್‌ಐಪಿ ಕಟ್ಟಿದ್ದರು, ₹14 ಲಕ್ಷ ಕೂಡಿತ್ತು. 2020ರ ಮಾರ್ಚ್‌ನಲ್ಲಿ ಪೇಟೆ ಬಿದ್ದಾಗ ಅವರು ಹೆದರಲಿಲ್ಲ. ಫೋನ್ ಮಾಡಿ "ಸರ್, ಇದು ಏರುತ್ತದೆ ಅಂತ ನನಗೂ ಗೊತ್ತು" ಎಂದರು. ಆದರೆ ಆ ಬೇಸಿಗೆಯ ಲಗ್ನಗಳೆಲ್ಲ ನಿಂತು ಹೋಗಿದ್ದವು. ಮುಂಗಡ ವಾಪಸ್ ಕೇಳುವವರು ಬಾಗಿಲಲ್ಲಿ ನಿಂತಿದ್ದರು, ಅಡುಗೆಯವರಿಗೆ ಕೂಲಿ ಕೊಡಬೇಕಿತ್ತು, ಪಾತ್ರೆ ಇಡುವ ಗೋದಾಮಿನ ಬಾಡಿಗೆ ಇತ್ತು. ಉಳಿತಾಯ ಖಾತೆಯಲ್ಲಿ ಇದ್ದದ್ದು ₹30,000. ಆ ತಿಂಗಳ ಕೊನೆಯ ವಾರದಲ್ಲಿ, ತೀರ ತಳದಲ್ಲಿ, ಫಂಡ್ ಪೂರ್ತಿ ಮಾರಿದರು. ಅವರ ತಿಳಿವಳಿಕೆಯಲ್ಲಿ ತಪ್ಪಿರಲಿಲ್ಲ, ಧೈರ್ಯದಲ್ಲೂ ಕೊರತೆ ಇರಲಿಲ್ಲ. ವ್ಯಾಪಾರ ನಿಂತರೆ ಆರು ತಿಂಗಳು ಮನೆ ಹೇಗೆ ನಡೆಯುತ್ತದೆ ಎಂದು ಸಲಹೆಗಾರನಾಗಿ ನಾನು ಕೇಳಿರಲಿಲ್ಲ. ಆ ತಪ್ಪು ನನ್ನದು.

ನಿಮ್ಮ ಮನೆ ಅವರ ಮನೆಯ ಹಾಗೆಯೇ ಇದೆ. ಲಗ್ನ ನಿಂತರೆ ಲಗ್ನಪತ್ರಿಕೆಯೂ ನಿಲ್ಲುತ್ತದೆ. ವ್ಯಾಪಾರಿಗಳ ಕೈ ಬಿಗಿಯಾದರೆ ಕರಪತ್ರ, ಬಿಲ್ ಬುಕ್ಕುಗಳ ಆರ್ಡರ್ ಮೊದಲು ಕಡಿಮೆಯಾಗುತ್ತದೆ. ಖಾಸಗಿ ಶಾಲೆಯ ಶಿಕ್ಷಕರಿಗೆ ಕೋವಿಡ್ ಕಾಲದಲ್ಲಿ ಅರ್ಧ ಸಂಬಳ ಬಂದದ್ದು, ಎಷ್ಟೋ ಕಡೆ ಅದೂ ಬಾರದೆ ಹೋದದ್ದು ನಿಮಗೆ ನಾನು ಹೇಳಬೇಕಿಲ್ಲ. ಅಂದರೆ ಪೇಟೆ ಬೀಳುವ ಕಾಲ, ಪ್ರೆಸ್ಸು ನಿಲ್ಲುವ ಕಾಲ, ಸಂಬಳ ತಡವಾಗುವ ಕಾಲ ಮೂರೂ ಕೂಡಿಯೇ ಬರುವ ಸಂಭವ ನಿಮ್ಮ ಮನೆಗೆ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು.

ಆದ್ದರಿಂದ ನಿಮ್ಮ ₹6 ಲಕ್ಷದ ಎಫ್‌ಡಿಯಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಮೊದಲು ಯಂತ್ರದ ಸಾಲ ತೀರಿಸಿ. ಶೇ. 12.5 ಬಡ್ಡಿಯ ಸಾಲ ತೀರಿಸುವುದೆಂದರೆ ಶೇ. 12.5 ಗಳಿಕೆ ಖಚಿತವಾಗಿ ಬಂದ ಹಾಗೆ. ಯಾವ ಫಂಡೂ ಇಷ್ಟನ್ನು ಖಚಿತವಾಗಿ ಕೊಡಲಾರದು. ಕೊಡುತ್ತೇವೆ ಎಂದು ಯಾರಾದರೂ ಬರೆದುಕೊಟ್ಟರೆ ಅವರಿಂದ ದೂರ ಇರಿ. ಅವಧಿಗೆ ಮುಂಚೆ ಸಾಲ ಮುಗಿಸಿದರೆ ಎಷ್ಟು ಶುಲ್ಕ ಎಂದು ಸಾಲ ಕೊಟ್ಟವರಲ್ಲಿ ಮೊದಲೇ ಬರಹದಲ್ಲಿ ಕೇಳಿ. ಒಂದೆರಡು ಪರ್ಸೆಂಟ್ ಇದ್ದರೂ ತೀರಿಸುವುದೇ ಲಾಭ, ಬಾಕಿ ಕಂತುಗಳು ಬೆರಳೆಣಿಕೆಯಷ್ಟೇ ಇದ್ದರೆ ಮಾತ್ರ ಬಿಟ್ಟುಬಿಡಿ. ಇದರಿಂದ ಇನ್ನೊಂದು ಅನುಕೂಲ: ಕೆಲಸ ಕಡಿಮೆಯಾದ ತಿಂಗಳಲ್ಲಿ ಯಂತ್ರದ ಕಂತಿನ ಚಿಂತೆ ಇರುವುದಿಲ್ಲ.

ಉಳಿದ ₹3.8 ಲಕ್ಷದಲ್ಲಿ ₹2.4 ಲಕ್ಷ, ಅಂದರೆ ಆರು ತಿಂಗಳ ಮನೆ ಖರ್ಚು, ಆಪತ್ಕಾಲದ ಹಣ. ಇದು ಷೇರಿಗೆ ಹೋಗಬಾರದು. ಅರ್ಧವನ್ನು ಬ್ಯಾಂಕಿನಲ್ಲಿ ಬೇಕಾದಾಗ ಮುರಿಯಬಹುದಾದ ಸಣ್ಣ ಸಣ್ಣ ಎಫ್‌ಡಿಗಳಾಗಿ ಇಡಿ. ₹1.2 ಲಕ್ಷದ ಒಂದೇ ಎಫ್‌ಡಿ ಮಾಡಿದರೆ ಹತ್ತು ಸಾವಿರ ಬೇಕಾದಾಗಲೂ ಪೂರ್ತಿ ಮುರಿಯಬೇಕಾಗುತ್ತದೆ, ನಾಲ್ಕು ಮಾಡಿ. ಉಳಿದರ್ಧ ಲಿಕ್ವಿಡ್ ಫಂಡ್‌ನಲ್ಲಿ ಇರಬಹುದು. ಲಿಕ್ವಿಡ್ ಫಂಡ್ 91 ದಿನದೊಳಗೆ ಮುಗಿಯುವ ಸಾಲಪತ್ರಗಳಲ್ಲೇ ಹಣ ಹಾಕಬೇಕು ಎಂಬ ನಿಯಮ ಇರುವುದರಿಂದ ಅದರ ಏರಿಳಿತ ತೀರ ಕಡಿಮೆ. ಏಳು ದಿನದೊಳಗೆ ತೆಗೆದರೆ ಮಾತ್ರ ಅಲ್ಪ ಶುಲ್ಕ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಬ್ಯಾಂಕ್ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ₹5 ಲಕ್ಷದವರೆಗೆ ವಿಮೆ ಇದೆ. ಈ ಮಿತಿ 2020ರ ಫೆಬ್ರವರಿಯಿಂದ ಇದೆ, ಅದಕ್ಕೂ ಮೊದಲು ₹1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಆದರೆ ಓಣಿಗೊಂದು ಇರುವ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಫಲಕದಲ್ಲಿ ಬ್ಯಾಂಕಿನಂತೆ ಕಂಡರೂ ಅವು ಬ್ಯಾಂಕಲ್ಲ. ಒಂದು ಪರ್ಸೆಂಟ್ ಹೆಚ್ಚು ಬಡ್ಡಿಗಾಗಿ ಆಪತ್ಕಾಲದ ಹಣವನ್ನು ಅಲ್ಲಿಡಬೇಡಿ. ಫಂಡ್ ಬಿದ್ದರೆ ಏರುವವರೆಗೆ ಕಾಯಬಹುದು, ಸಂಘ ಬಾಗಿಲು ಹಾಕಿದರೆ ಕಾಯುವುದಕ್ಕೆ ಏನೂ ಉಳಿಯದೆ ಹೋಗಬಹುದು.

ಈಗ ಉಳಿದದ್ದು ₹1.4 ಲಕ್ಷ. ಇನ್ನಷ್ಟು ಬೀಳಲಿ ಎಂದು ಕಾಯುವ ವಿಚಾರಕ್ಕೆ ಬರೋಣ. 2020ರ ಮಾರ್ಚ್ 23ರ ಆ ಮಹಾ ಕುಸಿತದ ಸಂಜೆ ಯಾರನ್ನು ಕೇಳಿದ್ದರೂ ಇನ್ನೂ ಬೀಳುತ್ತದೆ ಎನ್ನುತ್ತಿದ್ದರು. ಲಾಕ್‌ಡೌನ್ ಆಗಷ್ಟೇ ಶುರುವಾಗುತ್ತಿತ್ತು, ಕಾಯಿಲೆಗೆ ಔಷಧವೇ ಇರಲಿಲ್ಲ. ಅದಾಗಿ ಹದಿನೈದು ದಿನಕ್ಕೆ, ಏಪ್ರಿಲ್ 7ರಂದು, ಸೆನ್ಸೆಕ್ಸ್ ಒಂದೇ ದಿನ 2,476 ಅಂಶ, ಸುಮಾರು ಶೇ. 9 ಏರಿತು. ಅಂದು ಯಾವ ಒಳ್ಳೆಯ ಸುದ್ದಿಯೂ ಊರಿಗೆ ತಲುಪಿರಲಿಲ್ಲ. 2025ರಲ್ಲೂ ಹಾಗೆಯೇ: ಅಮೆರಿಕದ ಸುಂಕದ ಆಘಾತಕ್ಕೆ ಏಪ್ರಿಲ್ 7ರಂದು 2,226 ಅಂಶ ಬಿತ್ತು, ಮೇ 12ರಂದು ಒಂದೇ ದಿನ 2,975 ಅಂಶ ಏರಿತು. ಅತಿ ಕೆಟ್ಟ ದಿನಗಳು, ಅತಿ ಒಳ್ಳೆಯ ದಿನಗಳು ಅಕ್ಕಪಕ್ಕದಲ್ಲೇ ಇರುತ್ತವೆ. ತಳ ನೋಡಿ ಹಾಕುತ್ತೇನೆ ಎಂದು ಕಾದವರಲ್ಲಿ ತಳ ಬಂದಾಗ ಹಾಕಿದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ತಳ ಬಂದಾಗ ಅವರಿಗೆ ಅದು ತಳದಂತೆ ಕಾಣಿಸುವುದೇ ಇಲ್ಲ.

ಹಾಗೆಂದು ₹1.4 ಲಕ್ಷವನ್ನು ಒಂದೇ ದಿನ ಸುರಿಯಿರಿ ಎನ್ನುವುದಿಲ್ಲ. ಲೆಕ್ಕದ ಪ್ರಕಾರ, ಏರುವ ದಿನಗಳೇ ಹೆಚ್ಚಿರುವ ಪೇಟೆಯಲ್ಲಿ ಒಮ್ಮೆಲೇ ಹಾಕುವುದು ಬಹುತೇಕ ಸಲ ಮೇಲು. ಆದರೆ ಹಾಕಿದ ಮರುವಾರವೇ ಶೇ. 10 ಬಿದ್ದರೆ ನೀವು ಮುಂದೆ ಫಂಡ್‌ನ ಹೆಸರೇ ಎತ್ತಲಿಕ್ಕಿಲ್ಲ. ಆ ಹಣವನ್ನು ಲಿಕ್ವಿಡ್ ಫಂಡ್‌ಗೆ ಹಾಕಿ, ಅದೇ ಕಂಪನಿಯ, ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಏಳು ತಿಂಗಳು ತಿಂಗಳಿಗೆ ₹20,000ದಂತೆ ಹೋಗಲಿ ಎಂದು ಬರೆದುಕೊಡಿ. ಇದಕ್ಕೆ ಎಸ್‌ಟಿಪಿ ಎನ್ನುತ್ತಾರೆ. ಬರೆದುಕೊಟ್ಟ ಮೇಲೆ ನಡುವೆ ಏನೇ ಸುದ್ದಿ ಬಂದರೂ ನಿಲ್ಲಿಸಬೇಡಿ. ಒಂದು ಷರತ್ತು: ಈ ಹಣ ಮಗಳ ಕಾಲೇಜಿಗಲ್ಲ, ಅದಕ್ಕೂ ಆಚೆಗಿನ ನಿಮ್ಮಿಬ್ಬರ ವಯಸ್ಸಾದ ಕಾಲಕ್ಕೆ ಎಂದುಕೊಂಡರೆ ಮಾತ್ರ ಹೀಗೆ ಮಾಡಿ.

ಇನ್ನು ಎಸ್‌ಐಪಿ. ನಿಲ್ಲಿಸಬೇಡಿ, ಆದರೆ ಈಗಿರುವ ಹಾಗೆಯೇ ಮುಂದುವರಿಸಬೇಡಿ.

ನಿಲ್ಲಿಸಬೇಡಿ ಎಂದದ್ದು ಏಕೆ ಎಂಬುದಕ್ಕೆ ಕಪ್ಪುಹಲಗೆಯ ಮೇಲೆ ನೀವೇ ಬರೆಯಬಹುದಾದ ಲೆಕ್ಕ ಇದು. ತಿಂಗಳಿಗೆ ₹10,000, ಐದು ತಿಂಗಳು. ಯೂನಿಟ್ (ಫಂಡ್‌ನ ಒಂದು ಪಾಲು) ಬೆಲೆ ಮೊದಲು ₹100, ನಂತರ ₹80, ನಂತರ ₹62.50, ಮತ್ತೆ ₹80, ಮತ್ತೆ ₹100. ಸಿಗುವ ಯೂನಿಟ್‌ಗಳು 100, 125, 160, 125, 100, ಒಟ್ಟು 610. ಬೆಲೆ ಹೊರಟಲ್ಲಿಗೇ ಬಂದು ನಿಂತಿದೆ, ನಿಮ್ಮ ₹50,000 ಮಾತ್ರ ₹61,000 ಆಗಿದೆ. ಬೆಲೆ ₹100ಕ್ಕೆ ಮರಳದೆ ₹80ರಲ್ಲೇ ನಿಂತಿತು ಎನ್ನಿ, ಕೊನೆಯ ಕಂತಿಗೂ 125 ಯೂನಿಟ್ ಸಿಕ್ಕು ಒಟ್ಟು 635 ಯೂನಿಟ್‌ಗೆ ₹50,800. ಪೇಟೆ ಐದನೇ ಒಂದು ಭಾಗ ಕಳೆದುಕೊಂಡಿದ್ದರೂ ನಿಮಗೆ ₹800 ಲಾಭವೇ. ಈ ಕೆಲಸ ನಡೆಯುವುದು ಬೆಲೆ ಕಡಿಮೆ ಇದ್ದ ತಿಂಗಳುಗಳಲ್ಲೂ ಕಂತು ಹೋದರೆ ಮಾತ್ರ. ಬಿದ್ದಾಗ ನಿಲ್ಲಿಸಿ ಏರಿದಾಗ ಶುರು ಮಾಡಿದರೆ ಆ 160 ಯೂನಿಟ್‌ಗಳು ಕೈತಪ್ಪುತ್ತವೆ.

ಆದರೆ ಎಸ್‌ಐಪಿಯ ಜಾಹೀರಾತುಗಳಲ್ಲಿ ಹೇಳದೆ ಉಳಿಯುವ ಅರ್ಧ ಭಾಗ ಇನ್ನೊಂದಿದೆ. ಈ ಸರಾಸರಿಯ ಲಾಭ ಹೊಸದಾಗಿ ಹೋಗುವ ಹಣಕ್ಕೆ, ಈಗಾಗಲೇ ಕೂಡಿದ ಹಣಕ್ಕಲ್ಲ. ನಿಮ್ಮದು ಈಗ ₹7 ಲಕ್ಷ ಕೂಡಿದೆ. ಅದು ಶೇ. 30 ಬಿದ್ದರೆ ಹೋಗುವುದು ₹2.1 ಲಕ್ಷ, ನಿಮ್ಮ ಹದಿನೇಳು ಕಂತುಗಳಿಗೂ ಹೆಚ್ಚು. ತಿಂಗಳ ₹12,000 ಆ ಗುಂಡಿಯನ್ನು ತುಂಬಲಾರದು. ಮೊದಲ ವರ್ಷ ಎಸ್‌ಐಪಿ ಇದ್ದವರಿಗೆ ಕುಸಿತ ಅಗ್ಗದ ಸಂತೆಯಿದ್ದಂತೆ, ಹತ್ತನೇ ವರ್ಷದವರಿಗೆ ಅದೇ ಕುಸಿತ ಮನೆಯ ಕಣಜಕ್ಕೆ ಬಿದ್ದ ಪೆಟ್ಟು. ಹಣ ಬೇಕಾಗುವ ದಿನ ಹತ್ತಿರ ಬಂದ ಹಾಗೆ ಷೇರಿನಿಂದ ಹೊರಗೆ ತರುತ್ತಾ ಹೋಗಬೇಕು ಎನ್ನುವುದು ಇದಕ್ಕೇ.

ಮಗಳು ಎಂಟನೇ ತರಗತಿ. ಸಿಇಟಿ ಬರೆದು ಕಾಲೇಜು ಸೇರಲು ಐದು ವರ್ಷದ ಒಳಗೇ ಹಣ ಬೇಕು. 2008ರಂಥದ್ದು ಬಂದರೆ ಐದು ವರ್ಷ ಸಾಲದು ಎಂದು ಮೇಲೆಯೇ ನೋಡಿದೆವು. ಸೀಟು ಸಿಕ್ಕ ವಾರದಲ್ಲಿ ಶುಲ್ಕ ಕಟ್ಟಬೇಕು, ಪೇಟೆ ಏರಲಿ ಎಂದು ಕಾಲೇಜಿನವರು ಕಾಯುವುದಿಲ್ಲ. ಆದ್ದರಿಂದ ಅವಳು ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಅವಳ ಓದಿನ ಹಣದ ಮೂರನೇ ಒಂದು ಭಾಗ ಎಫ್‌ಡಿಗೆ ಬಂದಿರಲಿ. ಮೊದಲ ಪಿಯುಸಿ ಮುಗಿದಾಗ ಇನ್ನೊಂದು ಭಾಗ, ಎರಡನೇ ಪಿಯುಸಿಯ ದೀಪಾವಳಿಗೆ ಉಳಿದದ್ದು. ಆ ಸಮಯದಲ್ಲಿ ಪೇಟೆ ಏರಿರಲಿ, ಇಳಿದಿರಲಿ, ತಾರೀಖಿನ ಪ್ರಕಾರ ತೆಗೆಯಿರಿ. ಇಳಿದಿದೆ ಎಂದು ಮುಂದೂಡುವವರು ಒಂದು ವರ್ಷ ಮುಂದೂಡಿ ಇನ್ನೂ ಇಳಿದ ಮೇಲೆ ತೆಗೆದದ್ದನ್ನು ನೋಡಿದ್ದೇನೆ. ಇದು ಕಠಿಣವಾದ ಸಲಹೆ, ತುಂಬ ಏರಿದ ವರ್ಷದಲ್ಲಿ ಪಾಲಿಸುವುದಂತೂ ಇನ್ನೂ ಕಷ್ಟ. ಆದರೂ ಮಗಳ ಸೀಟಿನ ಹಣದಲ್ಲಿ ನಾನು ಬೇರೆ ಸಲಹೆ ಕೊಡಲಾರೆ.

ಈಗಿರುವ ಹಾಗೆ ಮುಂದುವರಿಸಬೇಡಿ ಎಂದದ್ದಕ್ಕೆ ಕಾರಣ ನಿಮ್ಮ ಐದು ಫಂಡ್‌ಗಳು. ಹೆಸರು ಐದು, ಆದರೆ ನಾಲ್ಕು ಒಂದೇ ಬದಿಗೆ ವಾಲಿವೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2017ರಲ್ಲಿ ಮಾಡಿದ ವಿಂಗಡಣೆಯ ಪ್ರಕಾರ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿ ಲಾರ್ಜ್ ಕ್ಯಾಪ್, 101ರಿಂದ 250ರವರೆಗಿನವು ಮಿಡ್ ಕ್ಯಾಪ್, 251ರಿಂದ ಮುಂದಿನವೆಲ್ಲ ಸ್ಮಾಲ್ ಕ್ಯಾಪ್. ಸ್ಮಾಲ್ ಕ್ಯಾಪ್ ಫಂಡ್ ತನ್ನ ಹಣದ ಶೇ. 65ನ್ನಾದರೂ ಈ ಸಣ್ಣ ಕಂಪನಿಗಳಲ್ಲಿ ಇಡಲೇಬೇಕು. ಏರುವಾಗ ಇವು ಎಲ್ಲಕ್ಕಿಂತ ಮುಂದೆ ಓಡುತ್ತವೆ, ಇಳಿಯುವಾಗ ಕೊಳ್ಳುವವರೇ ಇರುವುದಿಲ್ಲ. 2018ರ ಜನವರಿಯಿಂದ 2020ರ ಮಾರ್ಚ್‌ವರೆಗೆ ಸ್ಮಾಲ್ ಕ್ಯಾಪ್ ಸೂಚ್ಯಂಕ ಸುಮಾರು ಶೇ. 60 ಕರಗಿತು, ಅದೂ ಸೆನ್ಸೆಕ್ಸ್ ಏರುತ್ತಲೇ ಇದ್ದ ಎರಡು ವರ್ಷ ಸೇರಿಸಿ. ಶೇ. 60 ಬಿದ್ದದ್ದು ಮೊದಲಿನ ಮಟ್ಟಕ್ಕೆ ಬರಲು ಶೇ. 150 ಏರಬೇಕು. 2024ರ ಮಾರ್ಚ್‌ನಿಂದ ಮಿಡ್ ಕ್ಯಾಪ್ ಮತ್ತು ಸ್ಮಾಲ್ ಕ್ಯಾಪ್ ಫಂಡ್‌ಗಳು ತಮ್ಮ ಷೇರುಗಳಲ್ಲಿ ಕಾಲು ಭಾಗ, ಅರ್ಧ ಭಾಗ ಮಾರಲು ಎಷ್ಟು ದಿನ ಬೇಕು ಎಂದು ಪ್ರತಿ ತಿಂಗಳು ಪ್ರಕಟಿಸುತ್ತಿವೆ. ನಿಮ್ಮ ಎರಡೂ ಸ್ಮಾಲ್ ಕ್ಯಾಪ್ ಫಂಡ್‌ಗಳ ಆ ಅಂಕಿಯನ್ನು ಒಮ್ಮೆ ನೋಡಿ, ಮುಂದೆ ಹೊರಬರುವಾಗ ಹೆಚ್ಚು ದಿನ ಇರುವುದು ಮೊದಲು ಹೊರಬರಲಿ.

ರಕ್ಷಣಾ ವಲಯದ ಫಂಡ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಹೊಸ ಕಂತು ನಿಲ್ಲಿಸಿ. ಆ ಕಂಪನಿಗಳು ಒಳ್ಳೆಯವಲ್ಲ ಎಂದಲ್ಲ. ಅವುಗಳಲ್ಲಿ ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ನಮ್ಮ ಹೆಮ್ಮೆಯ ಸಂಸ್ಥೆಗಳೂ ಇವೆ. ಆದರೆ ಒಳ್ಳೆಯ ಕಂಪನಿ ಬೇರೆ, ಒಳ್ಳೆಯ ಬೆಲೆ ಬೇರೆ. ವಲಯದ ಫಂಡ್ ಶೇ. 80 ಹಣವನ್ನು ಅದೇ ವಲಯದಲ್ಲಿ ಇಡಬೇಕು, ಬೆಲೆ ಅತಿಯಾಗಿದೆ ಎಂದು ಫಂಡ್ ಮ್ಯಾನೇಜರ್‌ಗೆ ಅನಿಸಿದರೂ ಹೊರಬರುವಂತಿಲ್ಲ. 2000ದಲ್ಲಿ ಸಾಫ್ಟ್‌ವೇರ್ ಫಂಡ್‌ಗಳಿಗೆ, 2007ರಲ್ಲಿ ಮೂಲಸೌಕರ್ಯ ಫಂಡ್‌ಗಳಿಗೆ ಜನ ಹೀಗೆಯೇ ಮುಗಿಬಿದ್ದಿದ್ದರು. ಎರಡರಲ್ಲೂ ತುತ್ತತುದಿಯಲ್ಲಿ ಹಾಕಿದವರು ಅಸಲು ನೋಡಲು ವರ್ಷಗಟ್ಟಲೆ ಕಾದರು. ಎಲ್ಲರೂ ಹೇಳುತ್ತಿದ್ದಾಗ ಸೇರಿಸಿದೆ ಎಂದು ನೀವೇ ಬರೆದಿದ್ದೀರಿ. ಎಲ್ಲರ ಬಾಯಲ್ಲಿ ಬರುವ ಹೊತ್ತಿಗೆ ಬೆಲೆಯಲ್ಲೂ ಅದು ಬಂದಿರುತ್ತದೆ.

ಮುಂದಿನ ₹12,000ವನ್ನು ನಾನಾದರೆ ಹೀಗೆ ಹಂಚುತ್ತೇನೆ: ₹4,000 ಬ್ಯಾಂಕಿನ ಆರ್‌ಡಿಗೆ, ಮಗಳು ಸಿಇಟಿ ಬರೆಯುವ ಏಪ್ರಿಲ್‌ಗೆ ಮುಗಿಯುವಂತೆ ಅವಧಿ ಹಾಕಿಸಿ. ₹4,000 ನಿಫ್ಟಿ 50 (ದೇಶದ 50 ದೊಡ್ಡ ಕಂಪನಿಗಳ ಸೂಚ್ಯಂಕ) ಇಂಡೆಕ್ಸ್ ಫಂಡ್‌ಗೆ, ₹3,000 ಈಗಿರುವ ಫ್ಲೆಕ್ಸಿ ಕ್ಯಾಪ್‌ಗೆ, ₹1,000 ಮಿಡ್ ಕ್ಯಾಪ್‌ಗೆ. ಹಳೆಯ ಸ್ಮಾಲ್ ಕ್ಯಾಪ್ ಯೂನಿಟ್‌ಗಳನ್ನು ಗಾಬರಿಯಲ್ಲಿ ಮಾರಬೇಡಿ, ಮೇಲೆ ಹೇಳಿದ ಮೂರು ಕಂತಿನಲ್ಲಿ ಹೊರತರುವಾಗ ಮೊದಲು ಇವೇ ಹೊರಬರಲಿ. ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2024ರ ಜುಲೈ 23ರ ನಂತರದ ನಿಯಮದಂತೆ, ಒಂದು ವರ್ಷ ದಾಟಿದ ಷೇರು ಫಂಡ್ ಯೂನಿಟ್‌ಗಳ ಲಾಭದಲ್ಲಿ ವರ್ಷಕ್ಕೆ ₹1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ. 12.5. ವರ್ಷದೊಳಗಿನದಾದರೆ ಶೇ. 20. ಎಸ್‌ಐಪಿಯಲ್ಲಿ ಪ್ರತಿ ಕಂತಿಗೂ ಅದರದೇ ಒಂದು ವರ್ಷ. ಮೂರು ಆರ್ಥಿಕ ವರ್ಷಗಳಲ್ಲಿ ಹಂಚಿ ತೆಗೆದರೆ ನಿಮಗೆ ತೆರಿಗೆ ಬರುವ ಸಂಭವ ಕಡಿಮೆ.

ಕಾದರೆ ಯಾವುದೂ ಏರುತ್ತದೆ ಎಂಬ ಮಾತನ್ನು ಮಾತ್ರ ನಾನು ಹೇಳಲಾರೆ. ಜಪಾನಿನ ನಿಕ್ಕೆ ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ 38,915ರಲ್ಲಿತ್ತು. ಆ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ, ಮೂವತ್ತನಾಲ್ಕು ವರ್ಷದ ಮೇಲೆ. ಜಪಾನ್ ಸೋಮಾರಿಗಳ ದೇಶವಲ್ಲ. ಅಂದು ಅಲ್ಲಿ ಷೇರಿನ, ಜಮೀನಿನ ಬೆಲೆ ಗಳಿಕೆಯನ್ನು ಬಿಟ್ಟು ಎಲ್ಲೋ ಹೋಗಿತ್ತು. ಭಾರತದಲ್ಲೂ ಹಾಗೇ ಆಗುತ್ತದೆ ಎಂದು ಹೇಳುತ್ತಿಲ್ಲ. ಮನೆಯ ಎಲ್ಲ ಹಣವನ್ನೂ ಒಂದೇ ಬುಟ್ಟಿಗೆ, ಒಂದೇ ವರ್ಷದ ಬೆಲೆಗೆ ಹಾಕಬಾರದು ಎಂದಷ್ಟೇ ಹೇಳುತ್ತಿದ್ದೇನೆ.

ನಿಮ್ಮ ಅತ್ತೆಯವರ ಹಣದ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ನಿಮಗೆ ತಪ್ಪಾದರೆ ದುಡಿದು ತುಂಬಿಕೊಳ್ಳಲು ವಯಸ್ಸಿದೆ, ಅವರಿಗೆ ಇಲ್ಲ. ಏಜೆಂಟರು ಹೇಳುವ ತಿಂಗಳ ಡಿವಿಡೆಂಡ್ ಬಡ್ಡಿಯಲ್ಲ. ಫಂಡ್ ಒಂದು ಯೂನಿಟ್‌ಗೆ ಒಂದು ರೂಪಾಯಿ ಡಿವಿಡೆಂಡ್ ಕೊಟ್ಟರೆ ಯೂನಿಟ್ ಬೆಲೆ ಅಂದೇ ಒಂದು ರೂಪಾಯಿ ಇಳಿಯುತ್ತದೆ. ಅಂದರೆ ಅವರ ಹಣವನ್ನೇ ಅವರಿಗೆ ಕೊಟ್ಟ ಹಾಗೆ. ಜನ ಇದನ್ನು ಬಡ್ಡಿ ಎಂದು ತಪ್ಪು ತಿಳಿಯುತ್ತಾರೆ ಎಂದೇ ಸೆಬಿ 2021ರ ಏಪ್ರಿಲ್‌ನಿಂದ ಡಿವಿಡೆಂಡ್ ಎಂಬ ಹೆಸರನ್ನೇ ತೆಗೆಸಿ, ಆದಾಯ ಹಂಚಿಕೆ ಮತ್ತು ಬಂಡವಾಳ ಹಿಂಪಡೆಯುವಿಕೆ ಎಂಬ ಅರ್ಥದ ಹೆಸರು ಇಡಿಸಿತು. ಫಂಡ್ ಪತ್ರದಲ್ಲಿ ಐಡಿಸಿಡಬ್ಲ್ಯು ಎಂದು ಇರುತ್ತದೆ. ಏಜೆಂಟರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಅವರು ಹೇಳುವುದು ಷೇರಿನದ್ದಲ್ಲ, ಹೆಚ್ಚು ಬಡ್ಡಿಯ ಸಾಲಪತ್ರಗಳ ಡೆಟ್ ಫಂಡ್ ಎಂದಾದರೂ ಬೇಡ. 2020ರ ಏಪ್ರಿಲ್ 23ರ ರಾತ್ರಿ ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಡೆಟ್ ಫಂಡ್‌ಗಳನ್ನು ಮುಚ್ಚುತ್ತಿರುವುದಾಗಿ ಪ್ರಕಟಿಸಿತು. ಹೂಡಿದವರ ₹25,000 ಕೋಟಿಗೂ ಹೆಚ್ಚು ಹಣ ಸಿಕ್ಕಿಹಾಕಿಕೊಂಡಿತು. ಆ ಫಂಡ್‌ಗಳು ಕಡಿಮೆ ದರ್ಜೆಯ ಕಂಪನಿಗಳಿಗೆ ಹೆಚ್ಚು ಬಡ್ಡಿಗೆ ಸಾಲ ಕೊಟ್ಟಿದ್ದವು, ಕೋವಿಡ್ ಗಾಬರಿಯಲ್ಲಿ ಎಲ್ಲರೂ ಒಟ್ಟಿಗೆ ಹಣ ವಾಪಸ್ ಕೇಳಿದಾಗ ಆ ಸಾಲಪತ್ರಗಳನ್ನು ಕೊಳ್ಳುವವರೇ ಇರಲಿಲ್ಲ. ನಂತರ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಎಸ್‌ಬಿಐ ಫಂಡ್ ಸಂಸ್ಥೆಯ ಮೂಲಕ ಹಣ ಕಂತುಗಳಲ್ಲಿ ಮರಳಿತು. ಆದರೆ ಮೊದಲ ಕಂತು ಬಂದದ್ದು 2021ರ ಫೆಬ್ರವರಿಯಲ್ಲಿ. ಆ ಹತ್ತು ತಿಂಗಳಲ್ಲಿ ಔಷಧಿ, ಆಸ್ಪತ್ರೆಗೆ ಹಣ ಬೇಕಿದ್ದ ಹಿರಿಯರ ಪಾಡು ಏನಾಗಿರಬೇಕು ಎಂದು ಯೋಚಿಸಿ.

ಅತ್ತೆಯವರ ₹10 ಲಕ್ಷದಲ್ಲಿ ₹1.5 ಲಕ್ಷ ಅವರ ಹೆಸರಿನ ಬ್ಯಾಂಕ್ ಠೇವಣಿಯಲ್ಲಿ ಆಸ್ಪತ್ರೆ ಖರ್ಚಿಗೆ ಇರಲಿ. ಉಳಿದದ್ದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. ಐದು ವರ್ಷದ ಅವಧಿ, ಒಬ್ಬರು ₹30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಬಡ್ಡಿಯನ್ನು ಶೇ. 8.2ಕ್ಕೆ ಏರಿಸಿದರು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದರೆ ಹಣ ಇಡುವ ದಿನ ಇದ್ದ ದರವೇ ಐದು ವರ್ಷ ಸಿಗುತ್ತದೆ. ಶೇ. 8.2ರ ಲೆಕ್ಕದಲ್ಲಿ ₹8.5 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ₹17,425 ಬರುತ್ತದೆ. ಪೇಟೆ ಎಲ್ಲಿದ್ದರೂ ಬರುತ್ತದೆ. ಏಜೆಂಟರಿಗೆ ಬೇಜಾರಾಗಬಹುದು, ಆಗಲಿ. ಖಾತೆ ತೆರೆಯುವ ದಿನವೇ ನಾಮಿನಿ ಹೆಸರು ಬರೆಸಿ, ಅತ್ತೆಯವರೇ ಆರಿಸಲಿ.

ಆ್ಯಪ್ ತೆರೆದು ದಿನಾ ನೋಡುವ ರೂಢಿ ಇದ್ದರೆ ಬಿಡಿ. ವರ್ಷಕ್ಕೊಮ್ಮೆ ಯುಗಾದಿಯ ಹೊತ್ತಿಗೆ, ಹಳೆಯ ಆರ್ಥಿಕ ವರ್ಷ ಮುಗಿದು ಹೊಸದು ಶುರುವಾಗುವಾಗ, ಗಂಡ ಹೆಂಡತಿ ಇಬ್ಬರೂ ಕೂತು ನೋಡಿದರೆ ಸಾಕು. ಆ ದಿನ ಫಂಡ್ ಎಷ್ಟಾಗಿದೆ ಎಂಬುದಕ್ಕಿಂತ ಮೊದಲು ಆಪತ್ಕಾಲದ ₹2.4 ಲಕ್ಷ ಪೂರ್ತಿ ಇದೆಯೇ ಎಂದು ನೋಡಿ. ಕಡಿಮೆಯಾಗಿದ್ದರೆ ಎಸ್‌ಐಪಿಗಿಂತ ಮೊದಲು ಅದನ್ನು ತುಂಬಿ. ಹೌದು, ಅಂಥ ಸಂದರ್ಭದಲ್ಲಿ ಎಸ್‌ಐಪಿಯನ್ನು ಕೆಲವು ತಿಂಗಳು ತಡೆಹಿಡಿಯುವುದು ತಪ್ಪಲ್ಲ. ಬಹಳಷ್ಟು ಫಂಡ್ ಸಂಸ್ಥೆಗಳಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಪೇಟೆ ಬಿತ್ತೆಂದು ನಿಲ್ಲಿಸಬೇಡಿ, ಪ್ರೆಸ್ಸಿನಲ್ಲಿ ಕೆಲಸ ಇಲ್ಲವೆಂದು ಬೇಕಾದರೆ ನಿಲ್ಲಿಸಿ. ಎಸ್‌ಐಪಿ ನಿಲ್ಲಿಸುವುದು ಎಂದರೆ ಹಳೆಯ ಯೂನಿಟ್ ಮಾರುವುದಲ್ಲ ಎಂಬುದೂ ನೆನಪಿರಲಿ, ಅವು ಇದ್ದಲ್ಲೇ ಇರುತ್ತವೆ.

ತಾರೀಖಿನ ಪ್ರಶ್ನೆಗೆ ಉತ್ತರ ಚಿಕ್ಕದು. ಯಾವ ತಾರೀಖಿಗೂ ವಿಶೇಷ ಲಾಭ ಇಲ್ಲ. ನಿಮ್ಮ ಸಂಬಳ 7ಕ್ಕೆ ಬರುತ್ತದೆ, ಒಂದೆರಡು ದಿನ ತಡವಾದರೂ ತೊಂದರೆ ಆಗದಂತೆ 12ಕ್ಕೆ ಇಡಿ. ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿದರೆ ಫಂಡ್‌ನವರು ದಂಡ ಹಾಕುವುದಿಲ್ಲ, ಬ್ಯಾಂಕ್ ಹಾಕುತ್ತದೆ. ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿ ರದ್ದಾಗುತ್ತದೆ, ಮತ್ತೆ ಹೊಸದಾಗಿ ಅರ್ಜಿ ಕೊಡಬೇಕಾಗುತ್ತದೆ.